ಕರಾಟೆಗೆ ಸೇರಲಾ, ಜಿಯು-ಜಿತ್ಸುಗೆ ಸೇರಲಾ?

ಪ್ರಶ್ನೆ: ನನಗೆ 36 ವರ್ಷ. ಶಾಲೆ ಬಿಟ್ಟ ಮೇಲೆ ಆಟ, ವ್ಯಾಯಾಮ ಅಂತ ಏನೂ ಮಾಡಿದವಳಲ್ಲ. ಕೆಲಸ ಮುಗಿಸಿ ಬರುವಾಗ ಕತ್ತಲಾಗಿರುತ್ತದೆ, ಸ್ವಲ್ಪ ದೂರ ಒಬ್ಬಳೇ ನಡೆಯಬೇಕು. ಈಚೆಗೆ ಒಂದು ರಾತ್ರಿ ಯಾರೋ ಹಿಂದೆಯೇ ಬಂದ. ನಾನು ರಸ್ತೆ ದಾಟಿ, ಜನ ಇದ್ದ ಅಂಗಡಿಯೊಳಗೆ ಹೋಗಿ ನಿಂತೆ. ಅವನು ಹೊರಟುಹೋದ. ಏನೂ ಆಗಲಿಲ್ಲ, ಆದರೆ ಆಮೇಲೆ ಎಷ್ಟೋ ಹೊತ್ತು ಕೈಕಾಲು ನಡುಗುತ್ತಿತ್ತು. ಮನೆ ಹತ್ತಿರ ಎರಡು ಸ್ಟುಡಿಯೋ ಇವೆ. ಒಂದರಲ್ಲಿ ಕರಾಟೆ, ಬೆಲ್ಟ್ ಪರೀಕ್ಷೆ ಎಲ್ಲ ಇದೆ. ಇನ್ನೊಂದರಲ್ಲಿ ನೆಲದ ಮೇಲೆ ಹಿಡಿದಾಡುವ ಜಿಯು-ಜಿತ್ಸು ಮತ್ತು ಕೈಕಾಲಿನಿಂದ ಹೊಡೆದಾಡುವ ಕಿಕ್‌ಬಾಕ್ಸಿಂಗ್. ಎರಡು ದಿನದ ಆತ್ಮರಕ್ಷಣೆ ಶಿಬಿರದ ಜಾಹೀರಾತನ್ನೂ ನೋಡಿದೆ. ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ? ಈ ವಯಸ್ಸಿನಲ್ಲಿ ಶುರು ಮಾಡಬಹುದಾ? ಏಟು ತಿನ್ನಬೇಕಾಗುತ್ತದೆ ಅಂದರೆ ಭಯ. 9 ವರ್ಷದ ಮಗಳನ್ನೂ ಜೊತೆಗೆ ಸೇರಿಸಬೇಕು ಅಂತಿದೆ.

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ವಿವರ ಆಮೇಲೆ. 36 ತಡವಾದ ವಯಸ್ಸಲ್ಲ. ಎರಡೂ ಸ್ಟುಡಿಯೋಗಳಿಗೆ ಹೋಗಿ ಒಂದೊಂದು ತರಗತಿಯನ್ನು ಪೂರ್ತಿ ಕೂತು ನೋಡಿ. ಆಮೇಲೆ ಎರಡೂ ಕಡೆ ಒಂದೊಂದು ಟ್ರಯಲ್ ಕ್ಲಾಸ್ ಮಾಡಿ. ಎಲ್ಲಿ ನಿಜವಾಗಿ ವಿರೋಧಿಸುವ ಜೊತೆಗಾರರ ಜೊತೆ ಅಭ್ಯಾಸ ಮಾಡಿಸುತ್ತಾರೋ, ಎಲ್ಲಿ ನೀವು "ಬೇಡ" ಅಂದ ತಕ್ಷಣ ನಿಲ್ಲಿಸುತ್ತಾರೋ, ಅಲ್ಲಿ ಸೇರಿ. ನೀವು ಬರೆದಿರುವುದನ್ನು ನೋಡಿದರೆ ಅದು ಎರಡನೆಯ ಸ್ಟುಡಿಯೋ ಆಗಿರುವ ಸಾಧ್ಯತೆ ಜಾಸ್ತಿ. ಆದರೂ ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ. ತುಂಬಾ ಒಳ್ಳೆಯ ಕರಾಟೆ ಸ್ಟುಡಿಯೋಗಳಿವೆ, ಕಾಟಾಚಾರಕ್ಕೆ ನಡೆಯುವ ಜಿಯು-ಜಿತ್ಸು ಸ್ಟುಡಿಯೋಗಳೂ ಇವೆ.

ಇನ್ನು ಆ ರಾತ್ರಿಯ ವಿಷಯ. ಏನೂ ಆಗಲಿಲ್ಲ ಅಂತ ಬರೆದಿದ್ದೀರಿ. ಆಗಿದೆ. ಹಿಂದೆ ಬರುತ್ತಿದ್ದವನನ್ನು ನೀವು ಗಮನಿಸಿದಿರಿ. "ಸುಮ್ನೆ ನನ್ನ ಭ್ರಮೆ ಇರಬೇಕು" ಅಂತ ಸಮಾಧಾನ ಮಾಡಿಕೊಳ್ಳದೆ ರಸ್ತೆ ದಾಟಿದಿರಿ. ಜನ ಇದ್ದ ಕಡೆ ಹೋದಿರಿ. ಆತ್ಮರಕ್ಷಣೆಯ ದೊಡ್ಡ ಪಾಲು ಇದೇ, ಅದನ್ನು ಯಾರೂ ಕಲಿಸದೆಯೇ ಸರಿಯಾಗಿ ಮಾಡಿದ್ದೀರಿ. ಆಮೇಲೆ ನಡುಗಿದ್ದಕ್ಕೆ ಬೇಸರ ಪಡಬೇಡಿ. ಅಪಾಯ ಕಂಡಾಗ ರಕ್ತಕ್ಕೆ ಅಡ್ರಿನಲಿನ್ ಅನ್ನುವ ಹಾರ್ಮೋನು ನುಗ್ಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಬೆರಳುಗಳು ಬೀಗದ ಕೈ ಹಾಕುವಂಥ ಸಣ್ಣ ಕೆಲಸಕ್ಕೂ ಒಗ್ಗುವುದಿಲ್ಲ, ಕಣ್ಣಿಗೆ ಎದುರಿಗಿರುವುದು ಬಿಟ್ಟು ಅಕ್ಕಪಕ್ಕದ್ದು ಕಾಣುವುದಿಲ್ಲ. ಹತ್ತಾರು ವರ್ಷ ಅಭ್ಯಾಸ ಮಾಡಿದವರಿಗೂ ಹೀಗೇ ಆಗುತ್ತದೆ. ಅವರಿಗೆ ಆ ನಡುಕದ ನಡುವೆಯೂ ಮಾಡುವುದಕ್ಕೆ ಒಂದು ಕೆಲಸ ಗೊತ್ತಿರುತ್ತದೆ. ನೀವು ಸ್ಟುಡಿಯೋಗೆ ಹೋಗಿ ಕಲಿಯಬೇಕಾದದ್ದು ಅದನ್ನೇ.

ಸಮರ ಕಲೆ ಮತ್ತು ಆತ್ಮರಕ್ಷಣೆ ಎರಡೂ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಅವು ಪೂರ್ತಿ ಒಂದೇ ಅಲ್ಲ. ಮ್ಯಾಟ್ ಮೇಲೆ ಇಬ್ಬರಿಗೂ ಇದು ಪಂದ್ಯ ಅಂತ ಗೊತ್ತಿರುತ್ತದೆ, ಶುರುವಾಗುವುದು ಯಾವಾಗ ಅಂತ ಗೊತ್ತಿರುತ್ತದೆ, ನಿಲ್ಲಿಸುವುದಕ್ಕೆ ಒಬ್ಬರು ಇರುತ್ತಾರೆ. ಹೊರಗೆ ಇದ್ಯಾವುದೂ ಇರುವುದಿಲ್ಲ. ಇನ್ನೊಂದು ಮಾತನ್ನು ಹೇಳಲೇಬೇಕು. ಹೆಂಗಸರ ಮೇಲೆ ಆಗುವ ಲೈಂಗಿಕ ದೌರ್ಜನ್ಯದಲ್ಲಿ ಹೆಚ್ಚಿನದನ್ನು ಮಾಡುವವರು ಗುರುತು ಪರಿಚಯ ಇದ್ದವರೇ. ಕತ್ತಲ ರಸ್ತೆಯ ಅಪರಿಚಿತನನ್ನು ನೆನೆಸಿಕೊಂಡು ನಾವು ಒದೆಯುವುದನ್ನು ಕಲಿಯುತ್ತೇವೆ. ಆದರೆ ಎದುರಿಗಿರುವುದು ಸಹೋದ್ಯೋಗಿಯೋ ಸ್ನೇಹಿತನೋ ಆದರೆ ಕಾಲು ಎತ್ತುವ ಮೊದಲೇ ಒಂದು ದೊಡ್ಡ ತೊಡಕು ಇರುತ್ತದೆ. "ಇವನು ಮಾಡುತ್ತಿರುವುದು ತಪ್ಪು, ಇದನ್ನು ನಾನು ತಡೆಯಬೇಕು" ಅಂತ ಮನಸ್ಸು ಒಪ್ಪಬೇಕು. ಅವನು ಏನಂದುಕೊಳ್ಳುತ್ತಾನೋ, ಸಂಬಂಧ ಕೆಡುತ್ತದೋ ಅನ್ನುವ ಸಂಕೋಚ ದಾಟಬೇಕು.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಕೆನಡಾದಲ್ಲಿ ಚಾರ್ಲೀನ್ ಸೆನ್ ಎಂಬ ಮನಃಶಾಸ್ತ್ರಜ್ಞೆ ಮತ್ತು ಅವರ ತಂಡ ಮೂರು ವಿಶ್ವವಿದ್ಯಾಲಯಗಳ ಸುಮಾರು 900 ಮೊದಲ ವರ್ಷದ ವಿದ್ಯಾರ್ಥಿನಿಯರ ಜೊತೆ ಒಂದು ಅಧ್ಯಯನ ಮಾಡಿದರು. ಅದು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅರ್ಧದಷ್ಟು ಜನರಿಗೆ ಮೂರು ಮೂರು ಗಂಟೆಯ ನಾಲ್ಕು ಪಾಠ, ಒಟ್ಟು 12 ಗಂಟೆ. ಉಳಿದವರಿಗೆ ಮಾಹಿತಿ ಪತ್ರಗಳು ಮಾತ್ರ. ಒಂದು ವರ್ಷದಲ್ಲಿ, ಮಾಹಿತಿ ಪತ್ರ ಮಾತ್ರ ಪಡೆದವರಲ್ಲಿ 9.8% ಮಂದಿ ಅತ್ಯಾಚಾರಕ್ಕೆ ಒಳಗಾಗಿದ್ದರು. ಪಾಠ ಪಡೆದವರಲ್ಲಿ ಅದು 5.2%. ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆ 12 ಗಂಟೆಯಲ್ಲಿ ಹೊಡೆಯುವುದು, ಬಿಡಿಸಿಕೊಳ್ಳುವುದೂ ಇತ್ತು, ಆದರೆ ಅದು ಒಂದು ಭಾಗ ಮಾತ್ರ. ಪರಿಚಿತರಲ್ಲಿ ಅಪಾಯದ ಸೂಚನೆ ಗುರುತಿಸುವುದು, ಮನಸ್ಸಿನ ಹಿಂಜರಿಕೆ ದಾಟುವುದು, ಜೋರಾಗಿ ಬೇಡ ಅನ್ನುವುದು, ತನಗೆ ಏನು ಬೇಕು ಏನು ಬೇಡ ಅಂತ ಮೊದಲೇ ಯೋಚಿಸಿಟ್ಟುಕೊಳ್ಳುವುದು, ಇವೆಲ್ಲ ಸೇರಿ ಆ ಪಾಠ.

ಹಾಗಾಗಿ ನೀವು ನೋಡಿದ ಎರಡು ದಿನದ ಶಿಬಿರವನ್ನು ನಾನು ತಳ್ಳಿಹಾಕುವುದಿಲ್ಲ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಎರಡು ದಿನ ಏನೇನು ಮಾಡಿಸುತ್ತೀರಿ?" ದನಿ, ಅಂತರ, ಪರಿಚಿತರಿಗೆ ಬೇಡ ಅನ್ನುವ ಅಭ್ಯಾಸ, ಎರಡು ಮೂರು ಸರಳ ಹೊಡೆತ ಅಂದರೆ ಖಂಡಿತ ಹೋಗಿ. ಚಾಕು ಕಸಿಯುವುದು, ಇಪ್ಪತ್ತು ಬಗೆಯ ಹಿಡಿತ ಬಿಡಿಸುವುದು, ಮರ್ಮದ ಮೇಲೆ ಬೆರಳೊತ್ತಿ ಬೀಳಿಸುವುದು ಅಂದರೆ ಹೋಗಬೇಡಿ. ಅದೆಲ್ಲ ತಿಂಗಳೊಳಗೆ ಮರೆತುಹೋಗುತ್ತದೆ, ಕಲಿತಿದ್ದೇನೆ ಅನ್ನುವ ನಂಬಿಕೆ ಮಾತ್ರ ಉಳಿದುಬಿಡುತ್ತದೆ. ಆ ನಂಬಿಕೆ ಭಯಕ್ಕಿಂತ ಅಪಾಯಕಾರಿ.

ದನಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಹೊಸಬರಿಗೆ ನಾನು ಮೊದಲು ಮಾಡಿಸುವ ಅಭ್ಯಾಸ ಇದು. ಒಬ್ಬರು ಐದಾರು ಹೆಜ್ಜೆ ಆಚೆಯಿಂದ "ಒಂದು ನಿಮಿಷ, ದಾರಿ ಕೇಳಬೇಕಿತ್ತು" ಅನ್ನುತ್ತಾ ಹತ್ತಿರ ಬರುತ್ತಾರೆ. ಕಲಿಯುವವರು ಎರಡು ತೋಳಿನಷ್ಟು ದೂರದಲ್ಲೇ "ಅಲ್ಲೇ ನಿಲ್ಲಿ" ಅನ್ನಬೇಕು. ಕೇಳುವುದಕ್ಕೆ ಎಷ್ಟು ಸುಲಭ, ಅಲ್ವಾ? ಒಮ್ಮೆ ಒಬ್ಬ ಉಪನ್ಯಾಸಕಿ ಬಂದಿದ್ದರು. ದೊಡ್ಡ ತರಗತಿಗೆ ಮೈಕ್ ಇಲ್ಲದೆ ಪಾಠ ಮಾಡುವ ಗಂಟಲು ಅವರದು. ಮೊದಲ ಸಲ ಅವರ ಬಾಯಿಂದ ಬಂದದ್ದು "ಸಾರಿ". ಜೊತೆಗೊಂದು ನಗು. ಹಿಂದೆ ಹಿಂದೆ ಸರಿಯುತ್ತಾ ಗೋಡೆಗೆ ಬೆನ್ನು ತಾಗಿತು. ಎರಡನೆಯ ಸಲ "ನಿಲ್ಲಿ" ಅಂದರು, ಆದರೆ ಅದು ಅನುಮತಿ ಕೇಳಿದ ಹಾಗಿತ್ತು. ನಗಬೇಡಿ, ಹೊಟ್ಟೆಯಿಂದ ಉಸಿರು ದಬ್ಬಿ, ಒಂದೇ ಕಾಲನ್ನು ಹಿಂದಿಟ್ಟು ನಿಂತುಬಿಡಿ ಅಂದೆ. ಕೆಲವು ವಾರ ಕಳೆದ ಮೇಲೆ ಒಂದು ದಿನ ಅವರು "ಅಲ್ಲೇ ನಿಲ್ಲಿ" ಅಂದಾಗ ಪಕ್ಕದ ಮ್ಯಾಟ್‌ನಲ್ಲಿ ಅಭ್ಯಾಸ ಮಾಡುತ್ತಿದ್ದವರೂ ನಿಂತುಬಿಟ್ಟರು. ಈ ಅಭ್ಯಾಸ ನಿಮ್ಮ ಸ್ಟುಡಿಯೋದಲ್ಲಿ ಇಲ್ಲದಿದ್ದರೆ ಮಾಡಿಸಿ ಅಂತ ಕೇಳಿ. ಒಳ್ಳೆಯ ಕೋಚ್ ಸಂತೋಷದಿಂದ ಮಾಡಿಸುತ್ತಾರೆ.

ಆ ಮಾತು ಹೇಳುವಾಗ ಕೈಗಳು ಎದೆಯ ಮಟ್ಟದಲ್ಲಿರಲಿ, ಅಂಗೈ ಹೊರಗೆ. ಇದಕ್ಕೆ ಕಾರಣ ಇದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಾಡಲು ಸುಮಾರು ಕಾಲು ಸೆಕೆಂಡ್ ಬೇಕು. ತೋಳಿನಳತೆಯಲ್ಲಿ ನಿಂತವನ ಪಂಚ್ ಮುಖ ಮುಟ್ಟಲು ಅಷ್ಟೂ ಹೊತ್ತು ಬೇಡ. ತೊಡೆಯ ಪಕ್ಕ ಜೋತುಬಿದ್ದ ಕೈ ಎಷ್ಟೇ ತರಬೇತಾಗಿದ್ದರೂ ಸಮಯಕ್ಕೆ ಮೇಲೆ ಬರುವುದಿಲ್ಲ. ಕೈ ಮೊದಲೇ ಮೇಲಿದ್ದರೆ, ಅಂತರ ಇದ್ದರೆ, ಅವಕಾಶ ಇದೆ. ಅಂಗೈ ತೋರಿಸಿ ನಿಂತದ್ದನ್ನು ನೋಡಿದ ಜನರಿಗೂ ಜಗಳ ಬೇಡ ಅಂದವರು ಯಾರು ಅಂತ ಗೊತ್ತಾಗುತ್ತದೆ.

ಈಗ ಸ್ಟುಡಿಯೋ ಆರಿಸುವ ವಿಷಯಕ್ಕೆ ಬರೋಣ. ವಿರೋಧಿಸುವ ಜೊತೆಗಾರ ಯಾಕೆ ಬೇಕು ಅನ್ನುವುದಕ್ಕೆ ಮೊದಲು ಒಂದು ಹಳೆಯ ಕಥೆ. ಜಪಾನಿನಲ್ಲಿ 1882ರಲ್ಲಿ ಜಿಗೋರೋ ಕಾನೋ ಕೊಡೊಕಾನ್ ಅನ್ನುವ ತರಬೇತಿ ಶಾಲೆ ಶುರು ಮಾಡಿದರು, ಜೂಡೋ ಹುಟ್ಟಿದ್ದು ಅಲ್ಲಿ. ಅವರು ಕಲಿತಿದ್ದು ಜುಜುತ್ಸು ಅನ್ನುವ ಜಪಾನಿನ ಹಳೆಯ ಕಾಳಗದ ವಿದ್ಯೆ. ಅದರಲ್ಲಿ ಕಣ್ಣಿಗೆ ಚುಚ್ಚುವುದು, ಬೆರಳು ಮುರಿಯುವುದು ಎಲ್ಲ ಇತ್ತು. ಅಂಥದ್ದನ್ನು ಜೊತೆಗಾರನ ಮೇಲೆ ಪೂರ್ತಿ ಬಲದಿಂದ ಮಾಡುವಂತಿಲ್ಲ. ಹಾಗಾಗಿ ನಿಧಾನವಾಗಿ, ಮೊದಲೇ ಮಾತಾಡಿಕೊಂಡ ಕ್ರಮದಲ್ಲಿ ಮಾಡುತ್ತಿದ್ದರು. ಕಾನೋ ಅಪಾಯದ ಹೊಡೆತಗಳನ್ನು ಕಟಾಕ್ಕೆ, ಅಂದರೆ ಮೊದಲೇ ನಿಗದಿಯಾದ ಚಲನೆಗಳ ಅಭ್ಯಾಸಕ್ಕೆ, ಬಿಟ್ಟರು. ಎತ್ತಿ ಬೀಳಿಸುವುದು, ಒತ್ತಿ ಹಿಡಿಯುವುದು ಇಂಥ ಪಟ್ಟುಗಳನ್ನು ಇಟ್ಟುಕೊಂಡು, ಅವನ್ನು ಬಲ ಬಿಟ್ಟು ಒಬ್ಬರ ಮೇಲೊಬ್ಬರು ಮಾಡುವ ರಂದೋರಿಯನ್ನು ತರಬೇತಿಯ ನಡುಮಧ್ಯಕ್ಕೆ ತಂದರು. ಕಡಿಮೆ ಪಟ್ಟು, ಆದರೆ ಬೀಳಲೊಪ್ಪದ ಮನುಷ್ಯನ ಮೇಲೆ ದಿನಾ ಪರೀಕ್ಷೆ. ನೂರು ಪ್ರಾಣಾಂತಕ ಪಟ್ಟು ಬಾಯಿಪಾಠ ಮಾಡಿದವರಿಗಿಂತ, ಹತ್ತು ಸಾದಾ ಪಟ್ಟನ್ನು ಹೀಗೆ ಪಳಗಿಸಿಕೊಂಡವರು ಹೆಚ್ಚು ಸಮರ್ಥರು. ನೀರಿಗಿಳಿಯದೆ ದಡದ ಮೇಲೆ ಈಜು ಕಲಿಯಲು ಆಗುವುದಿಲ್ಲವಲ್ಲ.

ಒಂದು ಉದಾಹರಣೆ ಮಾಡಿಯೇ ನೋಡಿ. ಮನೆಯಲ್ಲಿ ಯಾರಿಗಾದರೂ ನಿಮ್ಮ ಮಣಿಕಟ್ಟು ಹಿಡಿಯಲು ಹೇಳಿ. ಹಿಡಿತದಲ್ಲಿ ಸಂದಿ ಇರುವುದು ಹೆಬ್ಬೆರಳಿನ ತುದಿ ಉಳಿದ ಬೆರಳುಗಳನ್ನು ಸೇರುವ ಕಡೆ. ನಿಮ್ಮ ಮಣಿಕಟ್ಟಿನ ತೆಳ್ಳಗಿನ ಅಂಚನ್ನು ಆ ಸಂದಿಗೆ ತಿರುಗಿಸಿ. ಮೊಣಕೈಯನ್ನು ಅವರ ಕಡೆಗೆ ತಳ್ಳುತ್ತಾ ಮುಷ್ಟಿಯನ್ನು ನಿಮ್ಮ ಹೆಗಲ ಕಡೆ ತನ್ನಿ. ಕೈ ಬಿಟ್ಟುಬರುತ್ತದೆ. ಐದು ನಿಮಿಷದಲ್ಲಿ ಬರುವ ವಿದ್ಯೆ. ಈಗ ಅವರಿಗೆ, ಬಿಡಬೇಡಿ, ಎಳೆದುಕೊಂಡು ಹೋಗಿ, ಇನ್ನೊಂದು ಕೈಯಲ್ಲಿ ತೋಳು ಹಿಡಿಯಿರಿ ಅನ್ನಿ. ಈ ಸಲ ಬರುವುದಿಲ್ಲ. ಎರಡು ಹೆಜ್ಜೆ ಮುಗ್ಗರಿಸುತ್ತೀರಿ. ನಿಜವಾದ ಪಾಠ ಇಲ್ಲಿಂದ ಶುರು. ಅವರು ಎಳೆದಾಗ ಎದುರು ಎಳೆಯದೆ ಒಂದು ಹೆಜ್ಜೆ ಒಳಗೆ ಹೋಗಬೇಕು, ಸೊಂಟ ತಿರುಗಿಸಿ ಇಡೀ ಮೈಭಾರ ಹಾಕಬೇಕು, ಬೇಕಾದರೆ ಇನ್ನೊಂದು ಕೈಯಿಂದ ಸ್ವಂತ ಮುಷ್ಟಿಯನ್ನು ಹಿಡಿದೆಳೆಯಬೇಕು, ಬಿಟ್ಟ ತಕ್ಷಣ ಓಡಬೇಕು. ಇದನ್ನು ಪುಸ್ತಕ, ವಿಡಿಯೋ ಕಲಿಸಲಾರವು. ಬಿಡದ ಜೊತೆಗಾರ ಬೇಕು.

ಅದಕ್ಕೇ ತರಗತಿ ನೋಡಲು ಹೋದಾಗ ಕೊನೆಯ ಅರ್ಧ ಗಂಟೆಯನ್ನು ತಪ್ಪದೆ ನೋಡಿ. ಮೊದಲ ಭಾಗದಲ್ಲಿ ಎಲ್ಲ ಕಡೆಯೂ ವಾರ್ಮ್‌ಅಪ್, ಸಾಲಾಗಿ ನಿಂತು ಪಂಚ್, ಕಿಕ್. ಕೊನೆಗೆ ಏನಾಗುತ್ತದೆ? ಜೋಡಿ ಜೋಡಿಯಾಗಿ ಒಬ್ಬರು ಇನ್ನೊಬ್ಬರನ್ನು ತಡೆಯುತ್ತಾ ಅಭ್ಯಾಸ ಮಾಡುತ್ತಾರಾ? ದೊಡ್ಡವರು ಚಿಕ್ಕವರ ಜೊತೆ ಬಲ ಇಳಿಸಿಕೊಳ್ಳುತ್ತಾರಾ? ಹೊಸಬರಿಗೆ ಹಳಬರು ತಿದ್ದಿ ಹೇಳುತ್ತಾರಾ, ಅಥವಾ ಬೀಳಿಸಿ ಸಂತೋಷ ಪಡುತ್ತಾರಾ? ನಿಮ್ಮ ವಯಸ್ಸಿನ ಹೆಂಗಸರು ಇದ್ದಾರಾ, ಇದ್ದರೆ ವರ್ಷದಿಂದ ಉಳಿದಿದ್ದಾರಾ? ಕೊನೆಯದು ನನ್ನ ಮಟ್ಟಿಗೆ ಅತ್ಯಂತ ಭರವಸೆಯ ಗುರುತು. ಹೆಂಗಸರು ವರ್ಷಗಟ್ಟಲೆ ಉಳಿದಿರುವ ಸ್ಟುಡಿಯೋದಲ್ಲಿ ನಡವಳಿಕೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಎಲ್ಲರೂ ಒಪ್ಪಿಕೊಂಡು ಬೀಳುತ್ತಿದ್ದರೆ, "ನಮ್ಮ ವಿದ್ಯೆ ಅಷ್ಟು ಅಪಾಯಕಾರಿ, ಅದಕ್ಕೇ ಸ್ಪಾರಿಂಗ್ (ಜೋಡಿಯಾಗಿ ಹೊಡೆದಾಟದ ಅಭ್ಯಾಸ) ಮಾಡಿಸಲ್ಲ" ಅಂತ ಮಾಸ್ಟರ್ ಹೇಳಿದರೆ, ನಮಸ್ಕಾರ ಹೇಳಿ ಬನ್ನಿ.

ಶೈಲಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಕರಾಟೆ ಒಕಿನಾವಾದಿಂದ ಬಂದದ್ದು, 1922ರಲ್ಲಿ ಗಿಚಿನ್ ಫುನಾಕೋಶಿ ಟೋಕಿಯೋದಲ್ಲಿ ತೋರಿಸಿದ ಮೇಲೆ ಜಪಾನಿನಲ್ಲಿ ಹರಡಿತು. ಅಂತರ ಅಳೆಯುವುದು, ಸರಕ್ಕನೆ ಒಳಗೆ ನುಗ್ಗಿ ಹೊರಗೆ ಬರುವುದು ಇದರಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಬರೀ ಕಟಾ ಮಾಡಿಸುವ ಕಡೆ ಅದೂ ಬರುವುದಿಲ್ಲ. ಪಾಯಿಂಟ್ ಪಂದ್ಯಕ್ಕಷ್ಟೇ ತಯಾರಿ ಮಾಡುವ ಕಡೆ ಒಂದು ಏಟು ತಾಗಿದ ಕೂಡಲೇ ನಿಲ್ಲುವ ಅಭ್ಯಾಸ ಆಗಿಬಿಡುತ್ತದೆ. ಕ್ಯೋಕುಶಿನ್ ಶೈಲಿಯಲ್ಲಿ ಮೈಮೇಲೆ ಪೂರ್ತಿ ಬಲದಿಂದ ಹೊಡೆಯುತ್ತಾರೆ, ಆದರೆ ಕೈಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಒಲಿಂಪಿಕ್ ಟೇಕ್ವಾಂಡೋದಲ್ಲೂ ಮುಖಕ್ಕೆ ಪಂಚ್ ಇಲ್ಲ. ಯಾವ ಆಟ ಯಾವುದನ್ನು ನಿಷೇಧಿಸುತ್ತದೋ ಅದರ ವಿರುದ್ಧ ಆ ಆಟಗಾರರ ಕೈ ಮೇಲೇಳುವುದಿಲ್ಲ. ಮುಖ ಕಾಪಾಡಿಕೊಳ್ಳುವುದನ್ನು ಬಾಕ್ಸಿಂಗ್‌ನಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ. ತೀರಾ ಹತ್ತಿರ ಬಂದವನಿಗೆ ಮೊಣಕೈ, ಮೊಣಕಾಲು ಬಳಸುವುದರಲ್ಲಿ ಥಾಯ್ಲೆಂಡಿನ ಮುಯ್ ಥಾಯ್ ಮುಂದು.

ಬ್ರೆಜಿಲಿಯನ್ ಜಿಯು-ಜಿತ್ಸು ಬಗ್ಗೆ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನಿಮ್ಮ ಎರಡನೆಯ ಸ್ಟುಡಿಯೋದಲ್ಲಿ ಅದೇ ಇರುವ ಹಾಗಿದೆ. 1914ರಲ್ಲಿ ಬ್ರೆಜಿಲ್‌ಗೆ ಹೋದ ಜೂಡೋಪಟು ಮಿತ್ಸುಯೋ ಮಾಯೆದಾ ಅಲ್ಲಿ ಕಲಿಸಿದ್ದು, ಗ್ರೇಸಿ ಕುಟುಂಬದ ಕೈಯಲ್ಲಿ ನೆಲದ ಕುಸ್ತಿಯಾಗಿ ಬೆಳೆಯಿತು. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಶೈಲಿಯವರು ಸೆಣಸಿದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಸುಮಾರು 80 ಕೆಜಿಯ ರಾಯ್ಸ್ ಗ್ರೇಸಿ ಒಂದೇ ರಾತ್ರಿ ತನಗಿಂತ ಭಾರದ ಮೂವರನ್ನು ಸೋಲಿಸಿದಾಗ ಜಗತ್ತು ಇದನ್ನು ಗಮನಿಸಿತು. ನಿಮಗೆ ಇದು ಯಾಕೆ ಮುಖ್ಯ ಅಂದರೆ, ಮೈಮೇಲೆ ಭಾರದವನೊಬ್ಬ ಕೂತಾಗ ಗಾಬರಿಯಾಗದೆ ಉಸಿರಾಡುವುದು, ಸೊಂಟ ಎತ್ತಿ ಅವನ ತೂಕ ಓಲಾಡಿಸುವುದು, ಪಕ್ಕಕ್ಕೆ ಜಾರಿ ಮೊಣಕಾಲು ನಡುವೆ ತೂರಿಸುವುದು, ಎದ್ದು ನಿಲ್ಲುವುದು, ಇವನ್ನು ಇಲ್ಲಿ ಮೊದಲ ತಿಂಗಳಿಂದಲೇ, ವಿರೋಧಿಸುವವರ ಕೆಳಗೆ ಮಲಗಿ ಕಲಿಯುತ್ತೀರಿ. ಹೆಂಗಸರಿಗೆ ಎದುರಾಗಬಹುದಾದ ಅತ್ಯಂತ ಕೆಟ್ಟ ಸನ್ನಿವೇಶ ಅದೇ. ಇದಕ್ಕೂ ಮಿತಿ ಇದೆ. ಪಂದ್ಯಕ್ಕಷ್ಟೇ ಆಡುವ ಸ್ಟುಡಿಯೋಗಳಲ್ಲಿ ಆಟಗಾರರು ತಾವಾಗಿಯೇ ನೆಲಕ್ಕೆ ಕೂರುತ್ತಾರೆ, ಏಟಿನ ಯೋಚನೆಯೇ ಇರುವುದಿಲ್ಲ. ಹೊರಗೆ ನೆಲದ ಮೇಲೆ ಉಳಿಯಬಾರದು. ಇನ್ನೊಬ್ಬ ಬಂದು ಒದ್ದರೆ ಮುಗಿಯಿತು. ಹಾಗಾಗಿ ಅದೇ ಕಡೆ ಕಿಕ್‌ಬಾಕ್ಸಿಂಗೂ ಇರುವುದು ನಿಮಗೆ ಅನುಕೂಲ. ವಾರಕ್ಕೆ ಒಂದು ದಿನ ಅದು, ಒಂದು ದಿನ ಇದು ಅಂತ ಇಟ್ಟುಕೊಳ್ಳಿ.

ಚಾಕುವಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಅಮೆರಿಕದ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನ ಒಂದು ಈಗಲೂ ಚರ್ಚೆಯಲ್ಲಿದೆ. ಚಾಕು ಹಿಡಿದ ಸಾಧಾರಣ ಮನುಷ್ಯ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ಸೊಂಟದಲ್ಲಿ ಪಿಸ್ತೂಲ್ ಇದ್ದ ಪೊಲೀಸರಿಗೂ ಅದನ್ನು ತೆಗೆದು ಗುಂಡು ಹಾರಿಸಲು ಅಷ್ಟೇ ಹೊತ್ತು ಬೇಕು. ಬರಿಗೈಯಲ್ಲಿ ಚಾಕು ಕಸಿಯುವುದನ್ನು ಸಲೀಸಾಗಿ ತೋರಿಸುವವರ ಮಾತು ನಂಬಬೇಡಿ. ಪರ್ಸ್ ಕೇಳಿದರೆ ಕೊಡಿ. ಫೋನ್ ಕೇಳಿದರೆ ಕೊಡಿ. ಓಡಲು ಜಾಗ ಇದ್ದರೆ ಓಡಿ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಜೀವಕ್ಕಾಗಿ ಹೋರಾಡುವುದು.

ಹೊಡೆಯಲೇಬೇಕಾದರೆ ಮುಷ್ಟಿಗಿಂತ ಅಂಗೈಯ ಬುಡ ಒಳ್ಳೆಯದು. ಬರಿ ಮುಷ್ಟಿಯಿಂದ ತಲೆಬುರುಡೆಗೆ ಹೊಡೆದರೆ ಕಿರುಬೆರಳಿನ ಬುಡದ ಮೂಳೆ ಮುರಿಯುವುದು ತುಂಬಾ ಸಾಮಾನ್ಯ. ಬೆರಳ ಸಂದಿಯಲ್ಲಿ ಬೀಗದ ಕೈ ಹಿಡಿದು ಗುದ್ದಿ ಅನ್ನುವ ಸಲಹೆಯನ್ನೂ ಮರೆತುಬಿಡಿ, ಅದು ನಿಮ್ಮ ಬೆರಳನ್ನೇ ಸೀಳಬಹುದು. ಹೊಡೆಯುವುದು ಬಿಡಿಸಿಕೊಳ್ಳುವುದಕ್ಕೆ ಬೇಕಾದಷ್ಟು ಮಾತ್ರ, ಆಮೇಲೆ ಓಟ. ಅಪಾಯ ಮುಗಿದ ಮೇಲೂ ಹೊಡೆಯುತ್ತಾ ಹೋದರೆ ಕಾನೂನು ಅದನ್ನು ರಕ್ಷಣೆ ಅಂತ ಒಪ್ಪುವುದಿಲ್ಲ.

ಏಟಿನ ಭಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹತ್ತಿರ ಅನಿಸಿದ್ದು ಆ ಸಾಲು. ಮೊದಲ ದಿನವೇ ಯಾರೂ ನಿಮ್ಮನ್ನು ಹೊಡೆದಾಟಕ್ಕೆ ಬಿಡಬಾರದು. ಬಿಟ್ಟರೆ ಅದು ಸರಿಯಾದ ಜಾಗ ಅಲ್ಲ. ಕ್ರಮ ಹೀಗಿರುತ್ತದೆ: ಮೊದಲು ಜೊತೆಗಾರರು ಹಿಡಿದ ಪ್ಯಾಡ್‌ಗೆ ಹೊಡೆಯುವುದು. ಆಮೇಲೆ ಒಬ್ಬರು ಹೆಗಲು ಮುಟ್ಟಲು ನೋಡುವುದು, ಇನ್ನೊಬ್ಬರು ತಪ್ಪಿಸಿಕೊಳ್ಳುವುದು. ಆಮೇಲೆ ಗ್ಲೌಸ್ ಹಾಕಿ, ಒಬ್ಬರು ಮಾತ್ರ ಮೆಲ್ಲಗೆ ಪಂಚ್ ಮಾಡುವುದು. ಅದಾದ ಮೇಲೆ, ನೀವು ಒಪ್ಪಿದರೆ, ಬಾಯಿಗೆ ಮೌತ್‌ಗಾರ್ಡ್ ಹಾಕಿ ಹಗುರ ಸ್ಪಾರಿಂಗ್. ಮುಖಕ್ಕೆ ಮೆತ್ತಗೆ ಒಂದು ಏಟು ತಾಗಿದಾಗ ಕಣ್ಣಲ್ಲಿ ನೀರು ಬರುತ್ತದೆ, ಕೋಪ ಬರುತ್ತದೆ. ಕೆಲವರು ಅತ್ತೂಬಿಡುತ್ತಾರೆ. ಪರವಾಗಿಲ್ಲ. ಏಟು ಬಿದ್ದ ಮೇಲೂ ಕಣ್ಣು ಬಿಟ್ಟು ನಿಂತಿರಲು ಆಗುತ್ತದೆ ಅಂತ ಮೈಗೆ ಗೊತ್ತಾಗುವುದು ಹಾಗೆಯೇ. ತಲೆಗೆ ಜೋರಾದ ಏಟು ಮಾತ್ರ ಬೇಡವೇ ಬೇಡ. ಅದನ್ನು ಧೈರ್ಯದ ಪರೀಕ್ಷೆ ಅನ್ನುವ ಕೋಚ್ ಮಿದುಳಿನ ಬಗ್ಗೆ ಏನೂ ತಿಳಿಯದವರು. ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮಂಕು ಕಂಡರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ವೈದ್ಯರ ಹತ್ತಿರ ಹೋಗಬೇಕು.

ನೆಲದ ಕುಸ್ತಿಯಲ್ಲಿ ನೋವಾದರೆ ಜೊತೆಗಾರರ ಮೈಯನ್ನೋ ಮ್ಯಾಟ್ ಅನ್ನೋ ಎರಡು ಸಲ ತಟ್ಟಿದರೆ ಬಿಡಬೇಕು. ಅದು ಟ್ಯಾಪ್. ಬೇಗ ತಟ್ಟಿ. ಕತ್ತಿನ ಎರಡೂ ಪಕ್ಕದ ರಕ್ತನಾಳ ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಮರ್ಯಾದೆಗೆ ಅಂಜಿ ಕಾಯುವ ವಿಷಯ ಅಲ್ಲ. ತಟ್ಟಿದ ಮೇಲೂ ಒಂದು ಕ್ಷಣ ಹೆಚ್ಚು ಹಿಡಿಯುವವರ ಜೊತೆ ಮತ್ತೆ ಅಭ್ಯಾಸ ಮಾಡಬೇಡಿ. ಗಂಡಸರ ಜೊತೆ ಮಾಡಬೇಕಾ ಅನ್ನುವ ಪ್ರಶ್ನೆಯೂ ಬರುತ್ತದೆ. ಮೊದಲು ಹೆಂಗಸರ ಜೊತೆ ಮಾಡಿ, ಹೊಂದಿಕೊಂಡ ಮೇಲೆ ನಂಬಿಕೆ ಇರುವ ಒಬ್ಬಿಬ್ಬರು ಗಂಡಸರ ಜೊತೆ ಮಾಡಿ. ಭಾರ ಮತ್ತು ಬಲದ ವ್ಯತ್ಯಾಸ ತಿಳಿಯಲು ಅದು ಬೇಕು. ಆದರೆ ಯಾರ ಜೊತೆ ಯಾವಾಗ ಅನ್ನುವುದು ನಿಮ್ಮ ನಿರ್ಧಾರ. "ಇವತ್ತು ಇವರ ಜೊತೆ ಬೇಡ" ಅಂದಾಗ ಕಾರಣ ಕೇಳುವ, ಮುಖ ಗಂಟಿಕ್ಕುವ ಕಡೆ ಆತ್ಮರಕ್ಷಣೆ ಕಲಿಯಲು ಆಗುವುದಿಲ್ಲ. ಬೇಡ ಅನ್ನುವುದನ್ನು ಕಲಿಸಬೇಕಾದ ಜಾಗವೇ ಅದನ್ನು ಒಪ್ಪದಿದ್ದರೆ ಹೇಗೆ?

ವಯಸ್ಸಿನ ವಿಷಯ ಚುಟುಕಾಗಿ ಹೇಳುತ್ತೇನೆ. ಇಪ್ಪತ್ತರ ಹುಡುಗಿಗಿಂತ ನಿಮಗೆ ಮೈನೋವು ಜಾಸ್ತಿ ದಿನ ಇರಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ದಿನ ಸಾಕು. ಬೀಳುವುದನ್ನು ಮೊದಲು ಕಲಿಯಿರಿ: ಗದ್ದ ಎದೆಗೆ, ಬೆನ್ನು ಗುಂಡಗೆ, ಕೈ ಅಗಲಿಸಿ ಮ್ಯಾಟ್‌ಗೆ ಬಡಿಯುವುದು, ತಲೆ ನೆಲಕ್ಕೆ ತಾಗಬಾರದು. ಜಗಳಗಳಲ್ಲಿ ಪ್ರಾಣ ಹೋಗುವುದು ಎಷ್ಟೋ ಸಲ ಏಟಿನಿಂದಲ್ಲ, ಬಿದ್ದು ತಲೆ ಗಟ್ಟಿ ನೆಲಕ್ಕೆ ಬಡಿದದ್ದರಿಂದ. ಹೊಡೆದಾಟವೇ ಎದುರಾಗದಿದ್ದರೂ ಒದ್ದೆ ನೆಲದಲ್ಲಿ ಕಾಲು ಜಾರಿದ ದಿನ ಈ ಪಾಠ ನಿಮ್ಮ ಜೊತೆಗಿರುತ್ತದೆ.

ಬೆಲ್ಟ್ ಬಗ್ಗೆ ಎರಡು ಮಾತು. ಬೆಲ್ಟ್ ಪದ್ಧತಿ ಜೂಡೋದಿಂದ ಬಂದದ್ದು. ಕರಾಟೆಯಲ್ಲಿ ಫುನಾಕೋಶಿ ಮೊದಲ ಬ್ಲ್ಯಾಕ್ ಬೆಲ್ಟ್‌ಗಳನ್ನು ಕೊಟ್ಟದ್ದು 1924ರಲ್ಲಿ. ಕಲಿಯುವವರಿಗೆ ಅದು ಹುರುಪು ಕೊಡುತ್ತದೆ, ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಜಿಯು-ಜಿತ್ಸುವಿನಲ್ಲಿ ಬ್ಲ್ಯಾಕ್ ಬೆಲ್ಟ್‌ಗೆ ಸುಮಾರು ಹತ್ತು ವರ್ಷ ಬೇಕು. ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅನ್ನುವವರು ಬೆಲ್ಟ್ ಮಾರುತ್ತಿದ್ದಾರೆ. ಪ್ರತಿ ಪರೀಕ್ಷೆಗೆ ಶುಲ್ಕ ಎಷ್ಟು, ಫೇಲ್ ಆಗುವವರು ಇದ್ದಾರಾ ಅಂತ ಕೇಳಿ. ಇಡೀ ವರ್ಷದ ಹಣ ಒಂದೇ ಸಲ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿ ಕಟ್ಟಿ, ಬಿಡಬೇಕಾದರೆ ಏನು ನಿಯಮ ಅಂತ ಬರಹದಲ್ಲಿ ಓದಿ ಸಹಿ ಮಾಡಿ.

ಮಗಳನ್ನು ಸೇರಿಸಿ, ಆದರೆ ಮಕ್ಕಳ ತರಗತಿಗೆ. 9 ವರ್ಷಕ್ಕೆ ಜೂಡೋ ಅಥವಾ ಜಿಯು-ಜಿತ್ಸು ನನ್ನ ಮೊದಲ ಆಯ್ಕೆ, ತಲೆಗೆ ಏಟಿಲ್ಲದೆ ಪೂರ್ತಿ ಬಲ ಹಾಕಿ ಆಡಬಹುದು. ಕರಾಟೆಯೂ ಆಗುತ್ತದೆ, ತಲೆಗೆ ಏಟು ಇಲ್ಲದಿದ್ದರೆ. ತಂದೆ ತಾಯಿ ಯಾವಾಗ ಬೇಕಾದರೂ ಬಂದು ಕೂತು ನೋಡುವಂತಿರಬೇಕು. "ಪೋಷಕರು ಇದ್ದರೆ ಮಕ್ಕಳ ಗಮನ ಹೋಗುತ್ತೆ" ಅಂತ ಬಾಗಿಲು ಹಾಕುವ ಕಡೆ ಬಿಡಬೇಡಿ. ಮೈಮುಟ್ಟಿ ತಿದ್ದುವ ಮೊದಲು ಕೋಚ್ ಹೇಳಿ, ಕೇಳಿ ಮುಟ್ಟುತ್ತಾರಾ ಅಂತ ಗಮನಿಸಿ. ಮಗುವಿಗೆ ಒಂಟಿಯಾಗಿ ಮೆಸೇಜ್ ಮಾಡುವುದು, ಒಬ್ಬಳನ್ನೇ ಉಳಿಸಿಕೊಂಡು ಪಾಠ ಹೇಳುವುದು ಕಂಡರೆ ಅಂದೇ ಬಿಡಿಸಿ. ಇನ್ನೊಂದು, "ಇನ್ಮೇಲೆ ನೀನು ಯಾರನ್ನು ಬೇಕಾದರೂ ಹೊಡೆಯಬಲ್ಲೆ" ಅಂತ ಅವಳಿಗೆ ಹೇಳಬೇಡಿ. ದೊಡ್ಡವರನ್ನು 9 ವರ್ಷದ ಮಗು ಸೋಲಿಸಲಾಗುವುದಿಲ್ಲ. ಕಿರುಚುವುದು, ಓಡುವುದು, ಯಾರು ಏನೇ ಬೆದರಿಸಿದರೂ ಅಮ್ಮನಿಗೆ ಹೇಳುವುದು, ಹೇಳಿದರೆ ಅಮ್ಮ ಬೈಯುವುದಿಲ್ಲ ಅನ್ನುವ ನಂಬಿಕೆ, ಇವು ಅವಳ ಆಯುಧ. ಕೊನೆಯದನ್ನು ಸ್ಟುಡಿಯೋ ಕೊಡಲಾರದು, ನೀವೇ ಕೊಡಬೇಕು.

ಟ್ರಯಲ್ ಕ್ಲಾಸಿಗೆ ಹೋಗುವಾಗ ಉಗುರು ಕತ್ತರಿಸಿಕೊಂಡು, ಓಲೆ ಬಳೆ ಉಂಗುರ ತೆಗೆದಿಟ್ಟು, ಮೈಗೆ ಅಂಟಿಕೊಳ್ಳುವ ಟೀಶರ್ಟ್ ಮತ್ತು ಜೇಬಿಲ್ಲದ ಪ್ಯಾಂಟ್ ಹಾಕಿಕೊಂಡು ಹೋಗಿ. ಜೇಬಿದ್ದರೆ ಬೆರಳು ಸಿಕ್ಕಿಕೊಂಡು ಮುರಿಯಬಹುದು. ಮ್ಯಾಟ್ ದಿನಾ ಒರೆಸುತ್ತಾರಾ ಕೇಳಿ, ನೆಲದ ಕುಸ್ತಿಯಲ್ಲಿ ಗಜಕರ್ಣ ಬೇಗ ಹರಡುತ್ತದೆ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮಂಡಿ, ಬೆನ್ನು, ರಕ್ತದೊತ್ತಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ, ಕೋಚ್‌ಗೂ ಮೊದಲೇ ಹೇಳಿ. ಆ ರಾತ್ರಿ ಆದದ್ದನ್ನೂ ಕೋಚ್‌ಗೆ ಹೇಳಬಹುದು, ಹೇಳಲೇಬೇಕು ಅಂತೇನೂ ಇಲ್ಲ. ಹಿಂದಿನಿಂದ ಹಿಡಿಯುವ ಅಭ್ಯಾಸ ಬಂದಾಗ ಮೈ ಬಿಗಿದುಕೊಂಡರೆ "ಇದು ನನಗೆ ನಿಧಾನ ಬೇಕು" ಅನ್ನಿ. ಅದಕ್ಕೆ ಅವರು ಕೊಡುವ ಉತ್ತರ ಕೇಳಿಸಿಕೊಂಡು ಎರಡರಲ್ಲಿ ಯಾವುದು ಅಂತ ನಿರ್ಧರಿಸಿ.